ಬಟ್ಟೆ, ಕಪ್, ಬಿಸಿಲು: ಮುಟ್ಟಿನ ಮರುಬಳಕೆ ಸಾಧನಗಳ ಆಯ್ಕೆಯ ನೆಲೆಗಳು

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) 15ರಿಂದ 24 ವರ್ಷದ ಹೆಣ್ಣುಮಕ್ಕಳನ್ನು ಮುಟ್ಟಿನ ದಿನಗಳಲ್ಲಿ ಏನು ಬಳಸುತ್ತೀರಿ ಎಂದು ಕೇಳಿತು. ಶೇಕಡ 64 ಮಂದಿ ಸ್ಯಾನಿಟರಿ ಪ್ಯಾಡ್ ಎಂದರು, ಶೇಕಡ 50 ಮಂದಿ ಬಟ್ಟೆ ಎಂದರು. ಹಲವರು ಎರಡನ್ನೂ ಬಳಸುವುದರಿಂದ ಮೊತ್ತ ನೂರನ್ನು ದಾಟುತ್ತದೆ. ಸಮೀಕ್ಷೆಯ ಲೆಕ್ಕದಲ್ಲಿ ಪ್ಯಾಡ್, ಟ್ಯಾಂಪೂನ್, ಕಪ್ ಇವು ‘ಆರೋಗ್ಯಕರ ವಿಧಾನ’; ಬಟ್ಟೆ ಆ ಸಾಲಿನಲ್ಲಿಲ್ಲ. ಸೋಪು ಹಾಕಿ ಒಗೆದು ಅಂಗಳದ ಬಿಸಿಲಿನಲ್ಲಿ ಒಣಹಾಕಿದವಳನ್ನೂ, ಆರದ ಬಟ್ಟೆಯನ್ನು ಬಚ್ಚಲಿನ ಮೂಲೆಯಲ್ಲಿ ಅಡಗಿಸಿಟ್ಟವಳನ್ನೂ ಈ ಲೆಕ್ಕ ಬೇರೆಮಾಡಿ ನೋಡುವುದಿಲ್ಲ. ಮರುಬಳಕೆಯ ಸಾಧನದ ಸುರಕ್ಷತೆಯನ್ನು ವಸ್ತುವಿನಲ್ಲಷ್ಟೇ ಹುಡುಕಿದರೆ ಸಿಗದು, ಅದನ್ನು ಒಗೆಯುವ ನೀರು, ಒಣಗಿಸುವ ಜಾಗ, ಬಳಸುವವಳ ದೇಹ ಈ ಮೂರರ ಜೊತೆ ಇಟ್ಟು ನೋಡಬೇಕು ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಗಟ್ಟಿ ಆಧಾರ ಒಡಿಶಾದಿಂದ ಬಂದಿದೆ. ಭುವನೇಶ್ವರ ಮತ್ತು ರೂರ್ಕೆಲಾದ ಆಸ್ಪತ್ರೆಗಳಿಗೆ ಬಂದ 486 ಮಹಿಳೆಯರನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಟ್ಟೆಯನ್ನು ಮತ್ತೆಮತ್ತೆ ಬಳಸುವವರಲ್ಲಿ ಜನನಾಂಗ ಮತ್ತು ಮೂತ್ರನಾಳದ ಸೋಂಕು ಹೆಚ್ಚಾಗಿ ಕಂಡಿತ್ತು. ಇಷ್ಟನ್ನೇ ಓದಿದರೆ ಬಟ್ಟೆಯೇ ದೋಷಿ ಎನಿಸುತ್ತದೆ. ಅದೇ ರಾಜ್ಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಒಂದು ಹೆಜ್ಜೆ ಮುಂದೆ ಹೋಗಿ, ಬಟ್ಟೆ ಬಳಸುವವರೊಳಗೇ ವ್ಯತ್ಯಾಸವೇನು ಎಂದು ಕೇಳಿತು. ಮನೆಯೊಳಗೆ ಒಣಗಿಸುವವರಲ್ಲಿ, ಶೌಚಾಲಯದಲ್ಲಿ ಬಚ್ಚಿಡುವವರಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಹೆಚ್ಚಿತ್ತು. ತೇವ ಮತ್ತು ಕತ್ತಲೆ ಶಿಲೀಂಧ್ರಕ್ಕೆ ಒಗ್ಗುವ ಜಾಗ. ಬಟ್ಟೆ ಅಲ್ಲಿಗೆ ಸೇರಿದ್ದು ನಾಚಿಕೆಯಿಂದ. ಮುಟ್ಟಿನ ಬಟ್ಟೆ ಗಂಡಸರ ಕಣ್ಣಿಗೆ ಬೀಳಬಾರದು ಎಂಬ ಕಟ್ಟಳೆಯನ್ನು ಸೋಂಕಿನ ಕಾರಣಗಳಲ್ಲಿ ಒಂದಾಗಿ ವೈದ್ಯಕೀಯ ಸಾಹಿತ್ಯ ಎಣಿಸಬೇಕಾದ ಕಾಲ ಬಂದಿದೆ.

ಬಟ್ಟೆಯ ಪ್ಯಾಡ್ ಕೊಳ್ಳುವಾಗ ಈ ತಿಳಿವು ನೇರವಾಗಿ ಉಪಯೋಗಕ್ಕೆ ಬರುತ್ತದೆ. ದಪ್ಪವಾಗಿ ಒಟ್ಟಿಗೆ ಹೊಲಿದ ಪ್ಯಾಡಿನ ಒಳಪದರ ಆರಲು ಹೊತ್ತು ಹಿಡಿಯುತ್ತದೆ. ಬಿಡಿಸಿ ಹರಡಬಹುದಾದ, ಅಥವಾ ಒಳಗಿನ ಹೀರುಬಟ್ಟೆಯನ್ನು ಹೊರತೆಗೆಯಬಹುದಾದ ಪ್ಯಾಡ್ ಬೇಗ ಒಣಗುತ್ತದೆ. ಮೈಗೆ ತಾಗುವ ಪದರ ಹತ್ತಿಯದಾದರೆ ತೊಡೆಸಂದಿನ ಉರಿ, ತುರಿಕೆ ಕಡಿಮೆ. ಕೆಳಗಿನ ಜಲನಿರೋಧಕ ಪದರ ಬಿಸಿಯಲ್ಲಿ ಬಿರುಕುಬಿಡಬಹುದಾದ್ದರಿಂದ ಕುದಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಬೇಕು. ಒಗೆಯುವಾಗ ಮೊದಲು ತಣ್ಣೀರು, ಆಮೇಲೆ ಸೋಪು. ಮೊದಲೇ ಬಿಸಿನೀರು ಹಾಕಿದರೆ ರಕ್ತದ ಕಲೆ ಕಚ್ಚಿಕೊಳ್ಳುತ್ತದೆ. ಭಾರತೀಯ ಮಾನಕ ಬ್ಯೂರೋ ಮರುಬಳಕೆಯ ಪ್ಯಾಡ್ ಮತ್ತು ಪಿರಿಯಡ್ ಪ್ಯಾಂಟಿಗಳಿಗೆಂದೇ ಐಎಸ್ 17514:2021 ಎಂಬ ಮಾನದಂಡ ರೂಪಿಸಿದೆ. ಆದರೆ ಆಗುಂಬೆಯ ಆಷಾಢದಲ್ಲಿ ಯಾವ ಮಾನದಂಡದ ಪ್ಯಾಡೂ ಅಂಗಳದಲ್ಲಿ ಒಣಗುವುದಿಲ್ಲ. ಮಲೆನಾಡು, ಕರಾವಳಿಯ ಮಹಿಳೆಗೆ ಮಳೆಗಾಲದಲ್ಲಿ ಬೇರೊಂದು ದಾರಿ ಬೇಕು. ಹೆಚ್ಚಿನ ಜೊತೆ ಪ್ಯಾಡ್, ಪೂರ್ತಿ ಆರಿದ ಮೇಲೆ ಇಸ್ತ್ರಿ, ಇಲ್ಲವೇ ಕಪ್.

ಕಪ್ ಹೊಸದಲ್ಲ. ಅಮೆರಿಕದ ಲಿಯೋನಾ ಚಾಮರ್ಸ್ 1937ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಅಂದಿನದು ರಬ್ಬರಿನದು, ಇಂದು ಹೆಚ್ಚಿನವು ವೈದ್ಯಕೀಯ ದರ್ಜೆಯ ಸಿಲಿಕೋನ್‌ನವು. 43 ಅಧ್ಯಯನಗಳ 3,319 ಮಂದಿಯ ಅನುಭವವನ್ನು ಒಟ್ಟುಗೂಡಿಸಿದ 2019ರ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ವಿಮರ್ಶೆಯ ಪ್ರಕಾರ ಕಪ್ಪಿನ ಸೋರಿಕೆ ಪ್ಯಾಡ್, ಟ್ಯಾಂಪೂನುಗಳಷ್ಟೇ ಅಥವಾ ಅದಕ್ಕಿಂತ ಕಡಿಮೆ. ಮುಂದೆಯೂ ಬಳಸುತ್ತೀರಾ ಎಂದು ಕೇಳಿದ 13 ಅಧ್ಯಯನಗಳಲ್ಲಿ ಶೇಕಡ 73 ಮಂದಿ ಬಳಕೆ ಮುಂದುವರಿಸುವ ಇಚ್ಛೆ ತಿಳಿಸಿದ್ದರು. ಅದೇ ವಿಮರ್ಶೆಯ ಇನ್ನೊಂದು ಮಾತು ಪ್ರಚಾರದಲ್ಲಿ ಮರೆಯಾಗುತ್ತದೆ: ಕಪ್ ಒಗ್ಗಲು ಕೆಲವು ತಿಂಗಳ ಮುಟ್ಟು ಬೇಕು, ಆಗ ಜೊತೆಗಾರ್ತಿಯರ ಬೆಂಬಲ ಇದ್ದರೆ ಬಳಕೆ ನೆಲೆಗೊಳ್ಳುತ್ತದೆ. ಮೊದಲ ತಿಂಗಳೇ ಸೋತೆನೆಂದು ಕಪ್ಪನ್ನು ಎತ್ತಿಟ್ಟವರಿಗೆ ಈ ಮಾತನ್ನು ಹೇಳಲೇಬೇಕು.

ಅಳತೆ ದೇಹದಿಂದ ದೇಹಕ್ಕೆ ಬೇರೆ. ಗರ್ಭಕಂಠ ಕೆಳಗಿರುವವರಿಗೆ ಗಿಡ್ಡ ಕಪ್ ಹಿತ. ಬಹಳ ಗಡಸಾದದ್ದು ಮೂತ್ರಕೋಶವನ್ನು ಒತ್ತಿ ಮೇಲಿಂದ ಮೇಲೆ ಮೂತ್ರಕ್ಕೆ ಅವಸರ ತರಬಹುದು. ತೆಗೆಯುವಾಗ ತೊಟ್ಟನ್ನು ಹಿಡಿದು ಎಳೆಯಬಾರದು. ತಳವನ್ನು ಹಿಂಡಿ, ಒಳಗಿನ ಗಾಳಿಯ ಬಿಗಿತ ಬಿಡಿಸಿ ತೆಗೆಯಬೇಕು. ಕಾಪರ್-ಟಿ ಅಂದರೆ ವಂಕಿ ಹಾಕಿಸಿಕೊಂಡವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಎಳೆತಕ್ಕೆ ವಂಕಿ ಜಾರಿದ ವರದಿಗಳಿವೆ. ಅವರು ಕಪ್ ಕೊಳ್ಳುವ ಮೊದಲು ವೈದ್ಯರನ್ನು ಕೇಳಲಿ. ಮದುವೆಯಾಗದ ಹುಡುಗಿಯರ ತಾಯಂದಿರು ಕನ್ಯಾಪೊರೆಯ ಬಗ್ಗೆ ಅಂಜುವುದುಂಟು. ಆ ಪೊರೆ ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತದೆ, ಅದು ಯಾರ ಶೀಲಕ್ಕೂ ಸಾಕ್ಷಿಯಲ್ಲ ಎಂದು ವೈದ್ಯರು ಬಾಯಿಬಿಟ್ಟು ಹೇಳಬೇಕು.

ಟಾಕ್ಸಿಕ್ ಶಾಕ್ ಸಿಂಡ್ರೋಮ್ ಬಗ್ಗೆ ಎರಡು ತಪ್ಪುಗಳು ನಡೆಯುತ್ತಿವೆ. ಕಪ್ಪಿನಿಂದ ಅದು ಬರುವುದೇ ಇಲ್ಲ ಎನ್ನುವುದು ಒಂದು, ಅದನ್ನೇ ಮುಂದುಮಾಡಿ ಹೆದರಿಸುವುದು ಇನ್ನೊಂದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ವಿಷದಿಂದ ಬರುವ ಈ ಕಾಯಿಲೆ ಬಹಳ ವಿರಳ. ಲ್ಯಾನ್ಸೆಟ್ ವಿಮರ್ಶೆಗೆ ಕಪ್ ಬಳಕೆದಾರರಲ್ಲಿ ಸಿಕ್ಕಿದ್ದು ಐದು ಪ್ರಕರಣಗಳು. ಬಂದರೆ ಮಾತ್ರ ಪ್ರಾಣಾಪಾಯ. ಫ್ರಾನ್ಸಿನ ಲಿಯಾನ್‌ನ ಸಂಶೋಧಕರು 2018ರಲ್ಲಿ ಪ್ರಯೋಗಾಲಯದ ಪರೀಕ್ಷೆಯಲ್ಲಿ, ತೊಳೆದ ಮೇಲೂ ಕಪ್ಪಿನ ಮೇಲೆ ಬ್ಯಾಕ್ಟೀರಿಯಾದ ಪೊರೆ ಉಳಿಯುವುದನ್ನು ಕಂಡು, ಎರಡು ಕಪ್ ಇಟ್ಟುಕೊಂಡು ನಡುವೆ ಕುದಿಸಬೇಕೆಂದು ಸಲಹೆ ಮಾಡಿದರು. ಕಪ್ಪನ್ನು ಒಳಗಿಟ್ಟುಕೊಳ್ಳಲು ತಯಾರಕರು ಸಾಮಾನ್ಯವಾಗಿ ಹೇಳುವ 12 ಗಂಟೆಯನ್ನು ದಾಟುವಂತಿಲ್ಲ, ಅದಕ್ಕೆ ಮೊದಲೇ ಖಾಲಿಮಾಡುವುದು ಒಳಿತು. ಏಕಾಏಕಿ ಜ್ವರ, ವಾಂತಿ, ಮೈಮೇಲೆ ಕೆಂಪು ದದ್ದು ಕಂಡರೆ ಕಪ್ಪನ್ನು ತೆಗೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪಿರಿಯಡ್ ಪ್ಯಾಂಟಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು 21 ಬಗೆಯ ಸಾಧನಗಳನ್ನು ಉಪ್ಪುನೀರಿನ ಬದಲು ನಿಜವಾದ ರಕ್ತಕಣಗಳಿಂದ ಅಳೆದಾಗ ಅತಿ ಕಡಿಮೆ ಹೀರಿದ್ದು ಅದೇ. ಸ್ರಾವ ಕಡಿಮೆಯಿರುವ ದಿನಗಳಿಗೆ, ಕಪ್ಪಿನ ಜೊತೆ ರಕ್ಷಣೆಗೆ ಅದು ಸಾಕು.

ಯೋಜನೆಗಳತ್ತ ನೋಡೋಣ. ಕೇರಳದ ಆಲಪ್ಪುಳ ನಗರಸಭೆ 2019ರಲ್ಲಿ ‘ತಿಂಗಳ್’ ಯೋಜನೆಯಡಿ ಕಪ್ ಹಂಚಿತು. ಕರ್ನಾಟಕದಲ್ಲಿ ಹದಿಹರೆಯದವರಿಗೆ ಪ್ಯಾಡ್ ಕೊಡುತ್ತಿದ್ದ ‘ಶುಚಿ’ಯ ಜೊತೆಗೆ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ‘ಮೈತ್ರಿ’ ಹೆಸರಿನಲ್ಲಿ ಕಪ್ ಬಂತು. ಇವು ಸ್ವಾಗತಾರ್ಹ. ಆದರೆ ಹಾಸ್ಟೆಲಿನ ಹುಡುಗಿ ಕಪ್ಪನ್ನು ಯಾವ ಪಾತ್ರೆಯಲ್ಲಿ, ಯಾವ ಒಲೆಯ ಮೇಲೆ, ಯಾರೆದುರು ಕುದಿಸಬೇಕು? ಆಶಾ ಕಾರ್ಯಕರ್ತೆ ಎರಡನೆಯ ತಿಂಗಳೂ ಅವಳನ್ನು ವಿಚಾರಿಸುತ್ತಾಳೆಯೇ? ಕಪ್ಪಿನ ಜೊತೆ ಮುಚ್ಚಳವಿರುವ ಪುಟ್ಟ ಪಾತ್ರೆ, ಚಿಲಕವಿರುವ ಬಾಗಿಲಿನೊಳಗೆ ಒಂದು ನಲ್ಲಿ, ಹಾಸ್ಟೆಲಿನ ಮಾಳಿಗೆಯಲ್ಲಿ ಒಂದು ಹಗ್ಗ ಇವು ಯೋಜನೆಯ ಖರ್ಚಿನ ಪಟ್ಟಿಯಲ್ಲೇ ಸೇರಬೇಕು. ಮುಂದಿನ ಕುಟುಂಬ ಆರೋಗ್ಯ ಸಮೀಕ್ಷೆ ಏನು ಬಳಸುತ್ತೀರಿ ಎಂದು ಕೇಳಿ ಮುಂದಕ್ಕೆ ಹೋಗದೆ, ಯಾವ ನೀರಿನಲ್ಲಿ ತೊಳೆಯುತ್ತೀರಿ, ಎಲ್ಲಿ ಒಣಗಿಸುತ್ತೀರಿ ಎಂದೂ ಕೇಳಲಿ.