ಫೋಟೊ ಇಲ್ಲದ ಕವಿಗಳು

ಆಳಂದದ ಒಬ್ಬ ಮನುಷ್ಯನ ಬದುಕನ್ನು ಸಾಲು ಚಿತ್ರಗಳಾಗಿ ಕಡೆದು, ಚಿತ್ರಗಳಿಗೆ ಬರಹವನ್ನೂ ಸೇರಿಸಿ ಜನರ ಕಣ್ಣೆದುರು ಇಟ್ಟದ್ದು ಸಿನಿಮಾ ಹುಟ್ಟುವುದಕ್ಕೆ ಸುಮಾರು ಏಳುನೂರು ವರ್ಷ ಮೊದಲು. ಆ ಮನುಷ್ಯ ಏಕಾಂತದ ರಾಮಯ್ಯ. ಚಿತ್ರಗಳಿರುವುದು ಅವನ ಹುಟ್ಟೂರಿನಲ್ಲಲ್ಲ, ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿ. ಸುಮಾರು 1200ರ ಕಾಲದ ಅಲ್ಲಿನ ಶಾಸನ ರಾಮಯ್ಯನ ಊರು ಅಲಂದೆ ಎನ್ನುತ್ತದೆ, ತಂದೆ ಪುರುಷೋತ್ತಮ ಭಟ್ಟ ಎನ್ನುತ್ತದೆ. ಪುಲಿಗೆರೆಯ ಸೋಮನಾಥನಿಗೆ ನಡೆದುಕೊಂಡು ಅಬ್ಬಲೂರಿಗೆ ಬಂದ ಅವನು ಜೈನರೊಡನೆ ಪಣ ಕಟ್ಟಿ ತಲೆ ಅರಿದುಕೊಂಡನೆಂದೂ, ಏಳನೆಯ ದಿನ ಅದು ಮತ್ತೆ ಕೂಡಿಕೊಂಡಿತೆಂದೂ, ಬಿಜ್ಜಳ ಜಯಪತ್ರ ಕೊಟ್ಟನೆಂದೂ ವಿವರಿಸುತ್ತದೆ. ಗುಡಿಯ ಶಿಲ್ಪಗಳು ಇದೇ ಕತೆಯನ್ನು ತೋರಿಸುತ್ತವೆ. ಹುಟ್ಟೂರು, ಮನೆತನ, ಬದುಕಿನ ತಿರುವು, ಗೆಲುವು, ದೊರೆಯ ಮನ್ನಣೆ: ಇಂದು ಟಿ.ವಿ.ಯಲ್ಲಿ ಬರುವ ಅರ್ಧ ಗಂಟೆಯ ವ್ಯಕ್ತಿಚಿತ್ರದ ಚೌಕಟ್ಟು ಪೂರ್ತಿಯಾಗಿ ಆ ಕಲ್ಲಿನಲ್ಲಿದೆ. ಸೋತರೆಂದು ಹೇಳಲಾದ ಜೈನರು ಆ ಏಳು ದಿನ ಏನು ಕಂಡರು, ಏನು ಕಳೆದುಕೊಂಡರು ಎಂಬ ಮಾತು ಮಾತ್ರ ಅಲ್ಲಿಲ್ಲ. ಉಳಿ ಹಿಡಿಸುವ ಶಕ್ತಿ ಯಾರಿಗಿತ್ತೋ ಅವರ ಸಾಕ್ಷಿ ಉಳಿಯಿತು.

ಕನ್ನಡದಲ್ಲಿ ನಿಜ ಬದುಕನ್ನು ದಾಖಲಿಸುವ ಸಿನಿಮಾಕ್ಕೆ ಸಾಕ್ಷ್ಯಚಿತ್ರ ಎಂಬ ಹೆಸರು ನಿಂತಿದೆ. ಹೆಸರು ಚೆನ್ನಾಗಿದೆ, ಹೊಣೆಯನ್ನೂ ಹೊರಿಸುತ್ತದೆ. ಸಾಕ್ಷ್ಯವೆಂದ ಮೇಲೆ ಯಾರ ಸಾಕ್ಷಿ, ಎಂಥ ಸಾಕ್ಷಿ ಎಂದು ಕೇಳಲೇಬೇಕು. ಕಲಾವಿದರು, ಸಾಹಿತಿಗಳ ಬದುಕಿನ ಮೇಲೆ ನಮ್ಮಲ್ಲಿ ಬಂದ ಚಿತ್ರಗಳ ಇತಿಹಾಸವನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಕಡೆಯಿಂದ ನಿಂತು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕ್ಯಾಮೆರಾ ನಡೆದದ್ದು ಕಾಗದದ ಬೆನ್ನು ಹಿಡಿದು. ಪತ್ರ, ಹಸ್ತಪ್ರತಿ, ಫೋಟೊ, ಆತ್ಮಕಥೆ, ಪ್ರಶಸ್ತಿಯ ದಾಖಲೆ ಎಲ್ಲಿತ್ತೋ ಅಲ್ಲಿಗೆ ಅದು ಹೋಯಿತು. ಈ ಮೂರು ತಾಲ್ಲೂಕುಗಳ ದೊಡ್ಡ ಕವಿಗಳು ಬಹುಪಾಲು ಬಿಟ್ಟುಹೋದದ್ದು ಕೊರಳಿನ ಸಾಕ್ಷಿಯನ್ನು. ಆ ಸಾಕ್ಷಿಯನ್ನು ಹಿಡಿಯಬೇಕಾದರೆ ವ್ಯಕ್ತಿಚಿತ್ರದ ರೂಢಿಯ ಚೌಕಟ್ಟನ್ನೇ ಬಿಡಬೇಕು, ಒಬ್ಬ ಕವಿಯ ಬದಲು ಅವನ ಹಾಡು ಸಾಗಿಬಂದ ಪರಂಪರೆಯನ್ನು ಚಿತ್ರದ ನಾಯಕನನ್ನಾಗಿ ಮಾಡಬೇಕು ಎಂಬುದು ಈ ಲೇಖನದ ವಾದ.

ಮೊದಲು ಕಾಗದದ ದಾರಿಯನ್ನು ನೋಡೋಣ. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಜನ್ ಕಲಾವಿದರ ಮೇಲೆ ಚಿತ್ರ ಮಾಡಿಸುವುದನ್ನು ಸರ್ಕಾರದ ಕೆಲಸವಾಗಿಸಿತು. 1961ರಲ್ಲಿ ಟ್ಯಾಗೋರರ ಜನ್ಮಶತಮಾನಕ್ಕೆ ಸತ್ಯಜಿತ್ ರೇ ಮಾಡಿದ ಚಿತ್ರ ಒಂದು ಮೇಲ್ಪಂಕ್ತಿ ಹಾಕಿತು. ಹಳೆಯ ಫೋಟೊ, ಚಿತ್ರಪಟ, ಬರವಣಿಗೆಗಳನ್ನು ಅವರು ಜೋಡಿಸಿದರು, ಬಾಲ್ಯದಂಥ ದಾಖಲೆಯಿಲ್ಲದ ಭಾಗಕ್ಕೆ ನಟರನ್ನು ತಂದರು. 1972ರಲ್ಲಿ ಗಿರೀಶ ಕಾರ್ನಾಡರು ದ.ರಾ. ಬೇಂದ್ರೆಯವರ ಮೇಲೆ ಚಿತ್ರ ಮಾಡಿದಾಗ ಕವಿ ಕಣ್ಣೆದುರೇ ಇದ್ದರು. ಅವರ ದನಿಯನ್ನೂ ಮುಖವನ್ನೂ ನೇರವಾಗಿ ಹಿಡಿಯಬಹುದಿತ್ತು. ಮಲ್ಲಿಕಾರ್ಜುನ ಮನ್ಸೂರರ ಮೇಲೆ ನಂದನ್ ಕುಧ್ಯಾಡಿ 1994ರಲ್ಲಿ ತಂದ, ರಾಷ್ಟ್ರಪ್ರಶಸ್ತಿ ಪಡೆದ ‘ರಸಯಾತ್ರಾ’ ಚಿತ್ರಕ್ಕೆ ಮೊದಲೇ ಮನ್ಸೂರರ ಆತ್ಮಕಥೆ ‘ನನ್ನ ರಸಯಾತ್ರೆ’ ಇತ್ತು, ಗ್ರಾಮಾಫೋನ್ ತಟ್ಟೆಗಳಿದ್ದವು, ಧಾರವಾಡವೆಂಬ ಓದುಬರಹದ ಊರಿತ್ತು. ಸಾಹಿತ್ಯ ಅಕಾಡೆಮಿ ದೇಶದ ಸಾಹಿತಿಗಳ ಮೇಲೆ ನೂರಕ್ಕೂ ಹೆಚ್ಚು ಚಿತ್ರ ಮಾಡಿಸಿದೆ, ನಮ್ಮ ವಾರ್ತಾ ಇಲಾಖೆಯೂ ಸಾಕಷ್ಟು ಮಾಡಿಸಿದೆ. ಇವೆಲ್ಲ ಬೇಕಾದ ಕೆಲಸಗಳೇ. ಬೇಂದ್ರೆ ಕೈ ಬೀಸಿ ಮಾತಾಡುವುದನ್ನು ನಾಳಿನ ಮಕ್ಕಳು ನೋಡಬಲ್ಲರೆಂದರೆ ಅದು ಸಣ್ಣ ಮಾತಲ್ಲ. ಆದರೆ ಈ ಸಾಲಿನಲ್ಲಿ ಹೆಸರಾದ ಚಿತ್ರಗಳ ನಾಯಕರು ಬಹುಮಟ್ಟಿಗೆ ಅಚ್ಚಿನ ಯುಗದವರು, ಅಥವಾ ಅಚ್ಚು ಕೈಹಿಡಿದವರು. ಭೀಮೆಯ ಬಯಲಿನ ತತ್ವಪದಕಾರರು ಆ ಸಾಲಿನಲ್ಲಿಲ್ಲ.

ಕಾರಣ ಪ್ರತಿಭೆಯ ಕೊರತೆಯಲ್ಲ. ಜೇವರ್ಗಿಯ ಷಣ್ಮುಖಸ್ವಾಮಿಗಳು 17ನೇ ಶತಮಾನದಲ್ಲಿ, ಬಸವಣ್ಣನವರ ಕಾಲ ಕಳೆದು ಐದು ಶತಮಾನವಾದ ಮೇಲೆ, ವಚನವೆಂಬ ರೂಪಕ್ಕೆ ಮತ್ತೆ ಜೀವ ಕೊಟ್ಟವರು. ಅಖಂಡೇಶ್ವರ ಅಂಕಿತದ ಅವರ ವಚನಗಳು ಗ್ರಂಥವಾಗಿ ಉಳಿದವು. ಅವರ ನಂತರದ ಕಡಕೋಳ ಮಡಿವಾಳಪ್ಪನವರು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ, ನೆಲೆ ನಿಂತದ್ದು ಕಡಕೋಳದಲ್ಲಿ. ಆ ಊರು ಮೊದಲು ಜೇವರ್ಗಿ ತಾಲ್ಲೂಕಿಗೆ ಸೇರಿತ್ತು, ಈಗ ಅದರಿಂದ ಬೇರೆಯಾದ ಯಡ್ರಾಮಿ ತಾಲ್ಲೂಕಿನಲ್ಲಿದೆ. 19ನೇ ಶತಮಾನದ ಮೊದಲ ಅರ್ಧದಲ್ಲಿ ಹಾಡಿದ ಅವರ ಸುತ್ತ ಖೈನೂರು ಕೃಷ್ಣಪ್ಪ, ಚನ್ನೂರು ಜಲಾಲ ಸಾಹೇಬ, ತೆಲುಗಬಾಳ ರೇವಪ್ಪ ಮೊದಲಾದ ಶಿಷ್ಯರು ಸೇರಿದರು. ಆ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಓದಿದರೂ ಸಾಕು, ಜಾತಿ ಧರ್ಮಗಳ ಗೋಡೆ ದಾಟಿದ ಗುರುಮಾರ್ಗ ಎಷ್ಟು ಅಗಲವಾಗಿತ್ತೆಂದು ತಿಳಿಯುತ್ತದೆ. ಪ್ರತಿ ಹೆಸರಿನ ಹಿಂದೆಯೂ ಒಂದು ಹಳ್ಳಿ ಅಂಟಿಕೊಂಡಿದೆ. ಮುದ್ರಣಾಲಯದ ವಿಳಾಸವಿಲ್ಲದ ಕವಿಗೆ ಊರೇ ವಿಳಾಸ.

ಇದೇ ಅಫಜಲಪುರ ತಾಲ್ಲೂಕಿನ ಗಾಣಗಾಪುರವನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ನೃಸಿಂಹ ಸರಸ್ವತಿಗಳು ನೆಲೆಸಿದ್ದ ಆ ಕ್ಷೇತ್ರಕ್ಕೆ ಸರಸ್ವತೀ ಗಂಗಾಧರ ಮರಾಠಿಯಲ್ಲಿ ಬರೆದ ‘ಗುರುಚರಿತ್ರೆ’ ಇದೆ. ಅಧ್ಯಾಯ ಅಧ್ಯಾಯವಾಗಿ ಬದುಕು ಹೇಳುವ ಆ ಗ್ರಂಥವನ್ನು ಏಳು ದಿನ ಪಾರಾಯಣ ಮಾಡುವ ಪದ್ಧತಿ ಮಹಾರಾಷ್ಟ್ರದ ಉದ್ದಗಲಕ್ಕೂ ಹಬ್ಬಿದೆ. ಗಾಣಗಾಪುರವನ್ನು ನೋಡದವರೂ ಅದರ ಸಂಗಮವನ್ನು ಬಲ್ಲರು. ಬಿದನೂರಿನ ಹೆಸರು ಹೇಳಿದರೆ ನಮ್ಮ ರಾಜ್ಯದಲ್ಲೇ ಎಷ್ಟು ಜನರಿಗೆ ಗೊತ್ತಾಗುತ್ತದೆ? ಒಂದೇ ತಾಲ್ಲೂಕು, ಇಬ್ಬರು ದೊಡ್ಡವರು. ಒಬ್ಬರ ಬದುಕು ಪುಸ್ತಕದಲ್ಲಿದೆ, ಇನ್ನೊಬ್ಬರದು ಏಕತಾರಿಯ ಜೊತೆ ಹಾಡುವವರ ನೆನಪಿನಲ್ಲಿದೆ. ಬಣ್ಣದ ಲೋಕದಲ್ಲೂ ಇದೇ ನಡೆದಿದೆ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಮೂಲಕ ಮನೆಮನೆಯ ಗೋಡೆ ಮುಟ್ಟಿದರು. ಅವರಿಗೆ ಮೊದಲು ಕುಂಚ ಹಿಡಿಸಿದ, ಅಡ್ಡಹೆಸರಿನಲ್ಲೇ ಆಳಂದವನ್ನು ಹೊತ್ತ ಶಂಕರರಾವ್ ಆಳಂದಕರರ ನೆನಪು ಶಿಷ್ಯನ ಜೀವನಚರಿತ್ರೆಯ ಒಂದು ಸಾಲಿಗೆ ಇಳಿದಿದೆ. ಅಚ್ಚಾಗಿ ಹರಡಿದ್ದು ಉಳಿಯಿತು, ಕೈಯಿಂದ ಕೈಗೆ ದಾಟಿದ್ದು ಮಸುಕಾಯಿತು.

ಇಲ್ಲಿ ಕಾಗದ ಏಕೆ ಕಡಿಮೆ ಎಂಬುದಕ್ಕೆ ರಾಜಕೀಯ ಇತಿಹಾಸವೂ ಉತ್ತರ ಕೊಡುತ್ತದೆ. 1948ರ ಸೆಪ್ಟೆಂಬರ್‌ವರೆಗೆ ಈ ನೆಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಮೊದಲು ಫಾರ್ಸಿ, 1884ರಿಂದ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಕೆಯ ಮಾಧ್ಯಮವೂ ಉರ್ದುವೇ. ಮೈಸೂರು, ಧಾರವಾಡಗಳಲ್ಲಿ ಕನ್ನಡ ಪತ್ರಿಕೆ, ಶಾಲೆ, ಗ್ರಂಥಮಾಲೆಗಳು ಬೆಳೆದ ಕಾಲದಲ್ಲಿ ಇಲ್ಲಿ ಕನ್ನಡ ಮಠದ ಅಂಗಳ, ಭಜನಾ ಮೇಳ, ಜಾತ್ರೆ, ಹೊಲಮನೆಗಳಲ್ಲಿ ಬದುಕಿತು. ಉರ್ದುವಿನ ಬಗ್ಗೆ ದೂರಬೇಕಿಲ್ಲ. ತತ್ವಪದಗಳ ಒಳಗೇ ಉರ್ದು ಮಾತುಗಳು ಸಲೀಸಾಗಿ ಬಂದು ಕೂತಿವೆ, ಆಳಂದದ ಲಾಡ್ಲೆ ಮಶಾಯಕ ದರ್ಗಾಕ್ಕೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ದೂರಬೇಕಾದದ್ದು ಕನ್ನಡಕ್ಕೆ ದಫ್ತರದಲ್ಲಿ ಜಾಗವಿಲ್ಲದಂತೆ ಮಾಡಿದ ಆಡಳಿತವನ್ನು. ದಫ್ತರದಲ್ಲಿ ಜಾಗ ಸಿಗದ ಭಾಷೆಯ ಕವಿಗಳಿಗೆ ಮುಂದೆ ದಾಖಲೆ ಕೇಳುವ ಸಿನಿಮಾದಲ್ಲೂ ಜಾಗ ಸಿಗಲಿಲ್ಲ.

ಹಾಗಾದರೆ ಯಂತ್ರ ತಡವಾಗಿ ಬಂತೇ? ಇಲ್ಲ, ಬೇಗನೆ ಬಂತು. 1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬಂದಾಗ ತತ್ವಪದ, ಭಜನೆಗಳಿಗೆ ಮೈಕು ಸಿಕ್ಕಿತು. ಅದಕ್ಕಿಂತ ಅಚ್ಚರಿಯದು ಟಿ.ವಿ.ಯ ಕತೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನಾ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದ ಜಿಲ್ಲೆಗಳು ಗುಲ್ಬರ್ಗ, ರಾಯಚೂರು, ವಿಜಾಪುರ. ಕೋಳಿಬಲೆಯಂಥ ತಂತಿಜಾಲದಿಂದ ಮಾಡಿದ ಹತ್ತಡಿಯ ಛತ್ರಿ ಆಕಾಶದಿಂದ ನೇರವಾಗಿ ಚಿತ್ರ ಹಿಡಿಯುತ್ತಿತ್ತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಆರು ವರ್ಷ ಮೊದಲೇ ಈ ಭಾಗದ ಹಳ್ಳಿಗರು ಟಿ.ವಿ. ಮುಂದೆ ಕೂತಿದ್ದರು. ಆದರೆ ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಬೇಸಾಯ, ಆರೋಗ್ಯ, ಶಾಲೆಯ ಪಾಠ ಅವುಗಳ ಗುರಿ. ಗುರಿ ಒಳ್ಳೆಯದೇ, ಆದರೂ ಹರಿವು ಒಂದೇ ದಿಕ್ಕಿನದು: ಹಳ್ಳಿ ನೋಡಬೇಕು, ಕಲಿಯಬೇಕು. ಹಳ್ಳಿಯವರೂ ತೋರಿಸಬಲ್ಲರು, ಕಲಿಸಬಲ್ಲರು ಎಂಬ ಎಣಿಕೆ ಆ ಯೋಜನೆಯ ಬುಡದಲ್ಲಿರಲಿಲ್ಲ. ಆ ವರ್ಷ ಪರದೆಯ ಮುಂದೆ ಕೂತವರಲ್ಲಿ ಮಡಿವಾಳಪ್ಪನವರ ಪದಗಳನ್ನು ಹಿರಿಯರ ಬಾಯಿಂದ ಕಲಿತ ಮುದುಕರಿದ್ದಿರಬೇಕು. ಕ್ಯಾಮೆರಾ ಅವರ ಕಡೆ ತಿರುಗಿದ್ದರೆ ಇಂದು ನಮ್ಮ ಕೈಯಲ್ಲಿ ಎಂಥ ನಿಧಿಯಿರುತ್ತಿತ್ತು!

ಫೋಟೊ ಇಲ್ಲ, ಪತ್ರವಿಲ್ಲ, ಏನನ್ನು ತೋರಿಸುವುದು ಎಂದು ಕೇಳುವವರಿದ್ದಾರೆ. ಕಾರ್ನಾಡರೇ 1988ರಲ್ಲಿ ‘ಕನಕ ಪುರಂದರ’ ಮಾಡಿ ರಾಷ್ಟ್ರಪ್ರಶಸ್ತಿ ಪಡೆದರು. ಆ ಇಬ್ಬರು ದಾಸರ ಫೋಟೊವೂ ಯಾರ ಬಳಿಯೂ ಇಲ್ಲ. ಇನ್ನೂ ಹತ್ತಿರದ ಮಾದರಿ ಬೆಂಗಳೂರಿನಲ್ಲಿ ನೆಲೆಸಿ ಶಬನಂ ವೀರಮಾನಿ ಮಾಡಿದ ನಾಲ್ಕು ಕಬೀರ್ ಚಿತ್ರಗಳು. ಕಬೀರ ಎಂದು ಹುಟ್ಟಿದ, ಯಾರ ಮಗ ಎಂಬ ಜಗಳಕ್ಕೆ ಸಿಕ್ಕಿಕೊಳ್ಳದೆ ಅವರು ಮಾಳ್ವದ ಪ್ರಹ್ಲಾದ ಟಿಪಾಣಿಯಾರ ಜೊತೆ, ಪಾಕಿಸ್ತಾನದ ಕವ್ವಾಲರ ಜೊತೆ ವರ್ಷಗಟ್ಟಲೆ ತಿರುಗಿದರು. ಕಬೀರ ಸತ್ತ ಐದು ಶತಮಾನದ ಮೇಲೂ ಅವನ ಮಾತು ಒಬ್ಬೊಬ್ಬರ ಬದುಕಿನಲ್ಲಿ ಏನು ಮಾಡುತ್ತಿದೆ ಎಂಬುದೇ ಚಿತ್ರದ ವಸ್ತುವಾಯಿತು. ನಮ್ಮ ಕಡೆಗೆ ಇದೇ ದಾರಿ ಹೊಂದುತ್ತದೆ. ಅಮಾವಾಸ್ಯೆಯ ರಾತ್ರಿ ಭಜನೆಗೆ ಕೂತ ಮೇಳ, ದಮ್ಮಡಿ, ತಾಳ, ಏಕತಾರಿ, ಪದಗಳನ್ನು ಬರೆದಿಟ್ಟ ಹಳೆಯ ವಹಿ, ಆ ವಹಿಯಲ್ಲಿ ಒಬ್ಬರ ಕೈಬರಹ ಮುಗಿದು ಇನ್ನೊಬ್ಬರದು ಶುರುವಾಗುವ ಪುಟ: ಕವಿಯ ಭಾವಚಿತ್ರಕ್ಕಿಂತ ಬಲವಾದ ಸಾಕ್ಷ್ಯ ಇವು.

ತತ್ವಪದಕಾರರು ದೇಹವೇ ನಿಲ್ಲದೆಂದು ಹಾಡಿದವರು, ಅವರ ಜೀವನಚರಿತ್ರೆ ಕೆದಕುವುದು ಅವರ ದಾರಿಗೇ ವಿರುದ್ಧ ಎಂಬ ಆಕ್ಷೇಪ ತೂಕದ್ದು. ಅದನ್ನು ಒಪ್ಪುತ್ತೇನೆ, ಒಪ್ಪುವುದರಿಂದಲೇ ವ್ಯಕ್ತಿಯನ್ನು ಬಿಟ್ಟು ಪರಂಪರೆಯನ್ನು ಹಿಡಿಯಬೇಕೆನ್ನುತ್ತೇನೆ. ಆ ಕವಿಗಳು ಹೆಸರನ್ನು ಪೂರ್ತಿ ಅಳಿಸಿಕೊಂಡವರೂ ಅಲ್ಲ. ಪದದ ಕೊನೆಗೆ ಅಂಕಿತವಿಟ್ಟು, ಗುರುವಿನ ಹೆಸರಲ್ಲಿ ತಮ್ಮ ಗುರುತು ಬೆರೆಸಿದವರು. ತಾನು ಯಾರಿಂದ ಬಂದೆ ಎಂದು ಹೇಳುವ ಈ ರೀತಿಯೇ ಚಿತ್ರಕ್ಕೆ ಹಂದರ ಕೊಡುತ್ತದೆ. ಇನ್ನು ಪವಾಡದ ಕತೆಗಳು. ಅವನ್ನು ನಿಜವೆಂದು ನಟಿಸಿ ತೋರಿಸಿದರೆ ಅಬ್ಬಲೂರಿನ ಕಲ್ಲು ಮಾಡಿದ್ದನ್ನೇ ಮಾಡಿದಂತೆ, ಕತ್ತರಿಸಿ ಎಸೆದರೆ ಹೇಳುವವರ ಬಾಯಿ ಮುಚ್ಚಿದಂತೆ. ಹೇಳುವವರ ಬಾಯಲ್ಲೇ ಕೇಳಿಸಿ, ಎರಡು ಊರು ಎರಡು ಥರ ಹೇಳಿದರೆ ಎರಡನ್ನೂ ಇಡುವುದು ಪ್ರಾಮಾಣಿಕ ದಾರಿ. ಯು.ಆರ್. ಅನಂತಮೂರ್ತಿಯವರಂಥ, ಪುಟಗಟ್ಟಲೆ ದಾಖಲೆಯಿರುವ ಲೇಖಕರ ಮೇಲೆ ಚಿತ್ರ ಮಾಡಿದ ಗಿರೀಶ ಕಾಸರವಳ್ಳಿಯವರೇ ಇದು ಜೀವನಚರಿತ್ರೆಯಲ್ಲ, ಒಂದು ಊಹೆ ಎಂದು ಶೀರ್ಷಿಕೆಯಲ್ಲೇ ಹೇಳಿದರು. ಆ ವಿನಯ ಇಲ್ಲಿ ಇನ್ನೂ ಹೆಚ್ಚು ಬೇಕು.

ಕಠಿಣವಾದ ಆಕ್ಷೇಪ ಬೇರೆಯೇ ಇದೆ. ಸಿನಿಮಾ ಹಾಡನ್ನು ಉಳಿಸುವುದೋ, ಒಂದೇ ರೂಪಕ್ಕೆ ಕಟ್ಟಿಹಾಕುವುದೋ? 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದ ಮೇಲೆ ಶರೀಫರ ಹೆಸರು ನಾಡಿನ ಮೂಲೆ ಮೂಲೆಗೂ ಮುಟ್ಟಿತು. ಅದು ದೊಡ್ಡ ಉಪಕಾರ. ಜೊತೆಗೇ ಆ ಚಿತ್ರಕ್ಕೆ ಸಂಗೀತ ಕೊಟ್ಟ ಸಿ. ಅಶ್ವತ್ಥರ ಧಾಟಿಯೇ ಶರೀಫರ ಧಾಟಿ ಎಂಬ ನಂಬಿಕೆ ಪಟ್ಟಣಗಳಲ್ಲಿ ಬೇರೂರಿತು, ಹಳ್ಳಿಯ ಭಜನೆಯವರ ಮಟ್ಟು ಹಿಂದೆ ಸರಿಯಿತು. ದೋಷ ಅಶ್ವತ್ಥರದಲ್ಲ, ಬೇರೆ ಧಾಟಿಗಳ ದಾಖಲೆ ಅಷ್ಟೇ ಜೋರಾಗಿ ಜನರ ಮುಂದೆ ಬರದಿದ್ದುದೇ ಕೊರತೆ. ಕಥಾಚಿತ್ರ ಒಂದು ಧಾಟಿಯನ್ನು ಆರಿಸಲೇಬೇಕು. ಸಾಕ್ಷ್ಯಚಿತ್ರಕ್ಕೆ ಆ ಬಲವಂತವಿಲ್ಲ. ಒಂದೇ ಪದವನ್ನು ಕಡಕೋಳದಲ್ಲಿ ಒಮ್ಮೆ, ಚನ್ನೂರಿನಲ್ಲಿ ಒಮ್ಮೆ, ಆಳಂದದ ಕಡೆಯ ಮೇಳದಲ್ಲಿ ಒಮ್ಮೆ ಕೇಳಿಸಿದರೆ ಯಾವುದೂ ಅಂತಿಮವಲ್ಲ ಎಂಬುದನ್ನು ಕಿವಿಯೇ ತಿಳಿಯುತ್ತದೆ. ತತ್ವಪದಗಳು ಸಂಪುಟಗಳಾಗಿ ಬಂದಿವೆಯಲ್ಲ, ಸಾಲದೇ ಎಂಬ ಮಾತಿಗೂ ಉತ್ತರ ಇದೇ. ಸಂಪುಟ ಪಾಠವನ್ನು ಉಳಿಸಿತು, ಅದನ್ನು ಸಂಪಾದಿಸಿದವರ ಋಣ ದೊಡ್ಡದು. ಆದರೆ ಮೇಳ ಎಲ್ಲಿ ಪಲ್ಲವಿಯನ್ನು ಎತ್ತಿಕೊಳ್ಳುತ್ತದೆ, ಎಲ್ಲಿ ಹಾಡು ನಿಲ್ಲಿಸಿ ಅರ್ಥ ಬಿಡಿಸುತ್ತಾರೆ, ಯಾವ ಸಾಲಿಗೆ ಕೂತವರ ಕಣ್ಣು ಒದ್ದೆಯಾಗುತ್ತದೆ ಎಂಬುದು ಅಚ್ಚಿನಲ್ಲಿ ಬರುವುದಿಲ್ಲ.

ಆದ್ದರಿಂದ ಚಿತ್ರ ಮಾಡುವವರಲ್ಲಿ, ಮಾಡಿಸುವ ಇಲಾಖೆ ಅಕಾಡೆಮಿಗಳಲ್ಲಿ ಒಂದು ವಿನಂತಿ. ಮಡಿವಾಳಪ್ಪನವರ ಪಾತ್ರಕ್ಕೆ ನಟನನ್ನು ಹುಡುಕುವ ಮೊದಲು ಬಿದನೂರಿನಿಂದ ಕಡಕೋಳದವರೆಗಿನ ಹಳ್ಳಿಗಳಲ್ಲಿ ಈಗ ಹಾಡುತ್ತಿರುವ ಹಿರಿಯರ ಪಟ್ಟಿ ಮಾಡಿ. ಅವರ ವಹಿಗಳ ಪುಟಪುಟವನ್ನೂ ಚಿತ್ರೀಕರಿಸಿ, ವಹಿಯನ್ನು ಅವರ ಮನೆಯಲ್ಲೇ ಬಿಡಿ. ಒಂದು ಪದವನ್ನು ಪೂರ್ತಿ ಹಾಡಲು ಬಿಡಿ, ನಡುವೆ ಕತ್ತರಿಸಿ ವಿದ್ವಾಂಸರ ಮಾತು ತುರುಕಬೇಡಿ. ಹಾಡಿದವರ ಹೆಸರು, ಅವರಿಗೆ ಕಲಿಸಿದವರ ಹೆಸರು, ಊರಿನ ಹೆಸರು ಚಿತ್ರದ ಮೊದಲಲ್ಲೇ ಬರಲಿ. ಮೊದಲ ಪ್ರದರ್ಶನ ಬೆಂಗಳೂರಿಗಿಂತ ಮುಂಚೆ ಕಡಕೋಳದ ಮಠದ ಅಂಗಳದಲ್ಲಿ ಆಗಲಿ.