ಮೂಸೆಗೆ ಬೀಳುವ ಮುನ್ನ

ಪುರಾತನವಾದ ಹೊನ್ನಿನ ನಾಣ್ಯಕ್ಕೆ ಎರಡು ಬಗೆಯಲ್ಲಿ ಬೆಲೆಕಟ್ಟುವುದುಂಟು. ಚಿನಿವಾರನು ಅದನ್ನು ಒರೆಗಲ್ಲಿಗೆ ತಿಕ್ಕಿ, ತಕ್ಕಡಿಯಲ್ಲಿಟ್ಟು, ಚಿನ್ನದ ಅಂದಿನ ಧಾರಣೆಯಂತೆ ಬೆಲೆಯನ್ನು ಹೇಳುವನು. ನಾಣ್ಯಶಾಸ್ತ್ರಜ್ಞನಾದರೋ ಅದರ ಮೇಲಣ ಅಕ್ಷರವನ್ನೂ ಲಾಂಛನವನ್ನೂ ಪರೀಕ್ಷಿಸಿ, ಅದು ಯಾವ ಅರಸನದು, ಎಲ್ಲಿ ದೊರೆತುದು ಎಂದು ವಿಚಾರಿಸುವನು. ಮೊದಲನೆಯವನಿಗೆ ಅದು ಲೋಹ, ಎರಡನೆಯವನಿಗೆ ಶಾಸನ.

ಚಿನಿವಾರನ ದೃಷ್ಟಿಯು ಹೀನವಾದುದೆಂದು ಭಾವಿಸಲಾಗದು. ಪೂರ್ವದಲ್ಲಿ ನಾಣ್ಯಗಳು ಸಲ್ಲುತ್ತಿದ್ದುದೇ ತೂಕದಿಂದಲೂ ಚಿನ್ನದ ಶುದ್ಧಿಯಿಂದಲೂ. ವಿಜಯನಗರದ ವರಹವು ಸುಮಾರು 52 ಗ್ರೇನು, ಎಂದರೆ ಹೆಚ್ಚುಕಡಮೆ 3.4 ಗ್ರಾಮು ತೂಗುವುದು. ಸಾಮ್ರಾಜ್ಯವು ಅಳಿದರೂ ಈ ತೂಕದ ಮೇಲಣ ಜನರ ನಂಬುಗೆಯು ಅಳಿಯಲಿಲ್ಲ.

ಇದಕ್ಕೆ ಇಕ್ಕೇರಿಯ ವರಹವೇ ನಿದರ್ಶನ. ಕೆಳದಿಯ ನಾಯಕರು ವಿಜಯನಗರದ ಪದ್ಧತಿಯನ್ನನುಸರಿಸಿ ತಮ್ಮ ವರಹದ ಮೇಲೆ ಶಿವಪಾರ್ವತಿಯರ ಮೂರ್ತಿಯನ್ನು ಅಚ್ಚೊತ್ತಿಸಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಆ ಮೂರ್ತಿಯನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿ ಲಿಪಿಯಲ್ಲಿ ಹಾಕಿಸಿದನು. 1799ರಲ್ಲಿ ಪಟ್ಟವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಅದೇ ಶಿವಪಾರ್ವತಿಯರಿರುವರು. ಹಿಂಬದಿಯಲ್ಲಿ ನಾಗರಿಯಲ್ಲಿ ಅವರ ಹೆಸರಿರುವುದು. ತಕ್ಕಡಿಗೆ ಈ ಮೂರು ವರಹಗಳೂ ಸಮವೇ. ಆದರೆ ದೊರೆಗಳು ಬದಲಾದರೂ ಮತಭೇದವೆಣಿಸದೆ ಪೇಟೆಯ ನಂಬುಗೆಯ ಮುದ್ರೆಯನ್ನು ಕಾಯ್ದುಕೊಂಡರೆಂಬ ಸಂಗತಿಯನ್ನು ತಿಳಿಸುವುದು ತಕ್ಕಡಿಯಲ್ಲ, ಆ ಹಿಂಬದಿ.

ಹೊಯ್ಸಳ ವಿಷ್ಣುವರ್ಧನನ ಹೊನ್ನು ಇನ್ನೂ ಸ್ಪಷ್ಟವಾಗಿ ಮಾತನಾಡುವುದು. ಅದರ ಒಂದು ಬದಿಯಲ್ಲಿ ಸಿಂಹದ ಲಾಂಛನವಿರುವುದು. ಇನ್ನೊಂದು ಬದಿಯಲ್ಲಿ ಕನ್ನಡ ಅಕ್ಷರಗಳಲ್ಲಿ ‘ಶ್ರೀ ತಳಕಾಡುಗೊಂಡ’ ಎಂದಿರುವುದು. ಸುಮಾರು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದುಕೊಂಡ ವಿಜಯವು ಹೀಗೆ ಪ್ರಜೆಗಳ ಕೈಯಿಂದ ಕೈಗೆ ಸಂಚರಿಸಿತು. ‘ಶ್ರೀ ನೊಣಂಬವಾಡಿಗೊಂಡ’ ಎಂಬ ಬರೆಹದ ನಾಣ್ಯಗಳೂ ಉಂಟು. ಶಿಲಾಶಾಸನವನ್ನು ಒಡೆದು ಕಟ್ಟಡಕ್ಕೆ ಬಳಸಿದರೂ ತುಂಡುಗಳನ್ನು ಕೂಡಿಸಿ ಓದಬಹುದು; ಮೂಸೆಯಲ್ಲಿ ಕರಗಿದ ಅಕ್ಷರವನ್ನು ಓದುವ ಉಪಾಯವಿಲ್ಲ.

ಈ ನಷ್ಟಕ್ಕೆ ಲೋಭವೊಂದೇ ಕಾರಣವಲ್ಲ. 1931ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಸುವರ್ಣಮಾನವನ್ನು ಕೈಬಿಡಲು, ರೂಪಾಯಿಯ ಲೆಕ್ಕದಲ್ಲಿ ಚಿನ್ನದ ಬೆಲೆಯೇರಿತು. ಅದೇ ಕಾಲದಲ್ಲಿ ದವಸಧಾನ್ಯಗಳ ಬೆಲೆ ಕುಸಿದು ರೈತರು ಕಂಗೆಟ್ಟಿದ್ದರು. ಮನೆಮನೆಗಳಲ್ಲಿ ಕೂಡಿಟ್ಟ ಚಿನ್ನವು ಕರಗಿ ಗಟ್ಟಿಯಾಗಿ ಮುಂಬಯಿಯಿಂದ ಹಡಗೇರಿತು. ಆ ಗಟ್ಟಿಯಲ್ಲಿ ಬಳೆಯಾವುದು, ವರಹವಾವುದು ಎಂದು ಹೇಳಬಲ್ಲ ಒರೆಗಲ್ಲು ಎಲ್ಲಿಯೂ ಇಲ್ಲ. ಹಸಿದ ಸಂಸಾರವು ಹೊನ್ನನ್ನು ಮಾರಿದುದನ್ನು ಯಾರೂ ದೂರಲಾರರು. ಇತ್ತ, ನಾಣ್ಯಗಳಿಗೆ ಕೊಂಡಿ ಹಚ್ಚಿ ಕಾಸಿನ ಸರ ಮಾಡಿ ತೊಟ್ಟ ಗೃಹಿಣಿಯರೂ, ಲಕ್ಷ್ಮೀಪೂಜೆಗೆಂದು ಸಂಪುಟದಲ್ಲಿಟ್ಟು ಕಾಪಾಡಿದ ಹಿರಿಯರೂ ಚರಿತ್ರೆಗೆ ಅರಿಯದೆಯೇ ಉಪಕಾರ ಮಾಡಿರುವರು.

ಸಂಗ್ರಾಹಕನೂ ಸರ್ವಥಾ ನಿರ್ದೋಷಿಯಲ್ಲ. ನೆಲದಲ್ಲಿ ದೊರೆತ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ಅದನ್ನು ಮರೆಮಾಡಿ, ಅಪೂರ್ವವಾದುದೊಂದನ್ನು ಆಯ್ದು ಉಳಿದವನ್ನು ಚದರಿಸುವವನು, ಯಾವ ನಾಣ್ಯವು ಯಾವುದರೊಡನೆ ಎಲ್ಲಿ ಹೂಳಲ್ಪಟ್ಟಿತ್ತೆಂಬ ಸಾಕ್ಷ್ಯವನ್ನೇ ಅಳಿಸುವನು. ಅಪೂರ್ವತೆಗೆ ಹೆಚ್ಚಿನ ಬೆಲೆ ಬಂದಂತೆ ಕೃತ್ರಿಮವೂ ಹುಟ್ಟುವುದು. ಶುದ್ಧವಾದ ಹೊನ್ನಿನಲ್ಲಿಯೇ ಸುಳ್ಳು ವರಹವನ್ನು ಎರಕಹೊಯ್ದರೆ ತೂಕಕ್ಕೆ ಕೊಂಡ ಚಿನಿವಾರನಿಗೆ ನಷ್ಟವಿಲ್ಲ, ಮೋಸಹೋಗುವವನು ಸಂಗ್ರಾಹಕನೇ.

ಆದುದರಿಂದ ಪೆಟ್ಟಿಗೆಯಲ್ಲಿ ಹಳೆಯ ಹೊನ್ನುಳ್ಳ ಗೃಹಸ್ಥರು ಅದನ್ನು ಮಾರಲೇಬೇಕಾಗಿ ಬಂದರೂ, ಮೊದಲು ಎರಡು ಬದಿಗಳ ಚಿತ್ರವನ್ನು ತೆಗೆಯಿಸಿ, ತೂಕವನ್ನೂ ದೊರೆತ ಬಗೆಯನ್ನೂ ಬರೆದಿರಿಸಿ, ಬಲ್ಲವರಿಗೆ ತೋರಿಸುವುದು ಉಚಿತ. ಇದರಿಂದ ಚಿನ್ನದ ಬೆಲೆಯು ಒಂದು ಗುಲಗಂಜಿಯಷ್ಟೂ ತಗ್ಗದು. ಕರಗಿದ ಮೇಲಾದರೋ ‘ತಳಕಾಡುಗೊಂಡ’ನ ಹೊನ್ನಿಗೂ ನಿನ್ನೆಯ ಉಂಗುರಕ್ಕೂ ಭೇದವೇ ಉಳಿಯದು.