ಹೆಸರಿಗುಳಿದ ಲಾಕ್: ಜಾವಾ ಮ್ಯಾಪ್ ಬದಲಾವಣೆಯ ಒಂದು ಮರುಪರಿಶೀಲನೆ

ಒಂದೇ ದತ್ತಸಂಗ್ರಹಕ್ಕೆ ಹಲವು ಥ್ರೆಡ್‌ಗಳು ಏಕಕಾಲಕ್ಕೆ ಕೈಹಾಕಿದಾಗ ಅದು ಕೆಡದಂತೆ ಕಾಯುವುದು ಹೇಗೆ ಎಂಬುದಕ್ಕೆ ಜಾವಾ ಮೂರು ಹಂತಗಳಲ್ಲಿ ಉತ್ತರ ಕೊಟ್ಟಿದೆ. 1996ರ ಮೊದಲ ಆವೃತ್ತಿಯ ವೆಕ್ಟರ್, ಹ್ಯಾಶ್‌ಟೇಬಲ್‌ಗಳು ತಮ್ಮ ಮೆಥಡ್‌ಗಳಿಗೆ ತಾವೇ ಲಾಕ್ ಹಾಕಿಕೊಳ್ಳುತ್ತಿದ್ದವು. 1998ರ ಕೊನೆಗೆ ಬಂದ, ಜೋಶುವಾ ಬ್ಲಾಕ್ ರೂಪಿಸಿದ ಕಲೆಕ್ಷನ್ಸ್ ಫ್ರೇಮ್‌ವರ್ಕ್ ಸಾಮಾನ್ಯ ಸಂಗ್ರಹಗಳಿಂದ ಲಾಕನ್ನು ಬೇರ್ಪಡಿಸಿ, ಬೇಕಾದವರಿಗೆಂದು ಸಿಂಕ್ರನೈಸ್ಡ್‌ಮ್ಯಾಪ್‌ನಂಥ ಹೊದಿಕೆಗಳನ್ನು ಒದಗಿಸಿತು. 2004ರ ಜಾವಾ 5ರಲ್ಲಿ, ಡಗ್ ಲೀ ಮುಂದಾಳತ್ವದ ಜೆಎಸ್‌ಆರ್ 166ರ ಫಲವಾಗಿ ಕನ್‌ಕರೆಂಟ್‌ಹ್ಯಾಶ್‌ಮ್ಯಾಪ್ ಬಂತು. ಅದರಲ್ಲಿ ಓದುವುದಕ್ಕೆ ಸಾಮಾನ್ಯವಾಗಿ ಲಾಕ್ ಬೇಕಿಲ್ಲ. 2014ರ ಜಾವಾ 8ರಿಂದೀಚೆಗೆ ಬರೆಯುವಾಗಿನ ಲಾಕ್ ಸಹ ಇಡೀ ಮ್ಯಾಪಿಗಲ್ಲ, ಅದರೊಳಗಿನ ಒಂದು ಬಿನ್ನಿಗಷ್ಟೇ, ಅಂದರೆ ನಮೂದುಗಳ ಒಂದು ಒಳಗುಂಪಿಗಷ್ಟೇ. ಇಲ್ಲಿಯವರೆಗೆ ತಕರಾರಿಲ್ಲ.

ತಕರಾರಿರುವುದು ಎರಡನೆಯದರಿಂದ ಮೂರನೆಯದಕ್ಕೆ ದಾಟುವ ಬಗ್ಗೆ. ಬ್ರಯಾನ್ ಗೆಟ್ಜ್ ಮತ್ತು ಸಂಗಡಿಗರ ‘ಜಾವಾ ಕನ್‌ಕರೆನ್ಸಿ ಇನ್ ಪ್ರಾಕ್ಟೀಸ್’ (2006) ಈ ಬದಲಾವಣೆಯಿಂದ ಹೆಚ್ಚೇನೂ ಅಪಾಯವಿಲ್ಲದೆ ದೊಡ್ಡ ಲಾಭವಿದೆ ಎನ್ನುತ್ತದೆ. ಇಡೀ ಮ್ಯಾಪನ್ನು ಲಾಕ್ ಮಾಡಿ ತಾನೊಬ್ಬನೇ ಬಳಸಬೇಕಾದ ಪ್ರೋಗ್ರಾಮಿಗೆ ಮಾತ್ರ ಇದು ಒಗ್ಗದೆಂಬ ವಿನಾಯಿತಿಯನ್ನೂ ಅದೇ ಕೃತಿ ಕೊಡುತ್ತದೆ. ವಿನಾಯಿತಿ ಸರಿಯಾಗಿಯೇ ಇದೆ. ಆದರೆ ತನಗೆ ಆ ಅಗತ್ಯವಿದೆಯೋ ಇಲ್ಲವೋ ಎಂಬುದು ಪ್ರೋಗ್ರಾಂ ಬರೆದವರಿಗೆ ಗೊತ್ತಿರುತ್ತದೆ ಎಂದು ಅದು ಗ್ರಹಿಸಿಕೊಂಡಂತಿದೆ. ನನ್ನ ಭಿನ್ನಮತ ಈ ಗ್ರಹಿಕೆಯೊಂದಿಗೆ.

ರೈಲಿನ ಸಂಖ್ಯೆಗೆ ಉಳಿದ ಸೀಟುಗಳ ಲೆಕ್ಕವನ್ನು ಜೋಡಿಸಿದ ಒಂದು ಮ್ಯಾಪ್ ಇದೆಯೆನ್ನಿ. ಟಿಕೆಟ್ ಕಾಯ್ದಿರಿಸುವ ಥ್ರೆಡ್ ಮ್ಯಾಪಿನ ಮೇಲೆಯೇ ಸಿಂಕ್ರನೈಸ್ಡ್ ಬ್ಲಾಕ್ ಇಟ್ಟು, ಅದರೊಳಗೆ ಗೆಟ್ ಮಾಡಿ, ಸೀಟಿದ್ದರೆ ಒಂದು ಕಳೆದು ಪುಟ್ ಮಾಡುತ್ತದೆ. ಹೊಸ ಬೋಗಿ ಜೋಡಿಸಿದಾಗ ಲೆಕ್ಕವನ್ನು 40 ಎಂದು ಬರೆಯುವ ಇನ್ನೊಂದು ಥ್ರೆಡ್ ಬರೀ ಒಂದು ಸಾಲಿನ ಪುಟ್. ಅಲ್ಲಿ ಬ್ಲಾಕ್ ಇಲ್ಲ. ಸಿಂಕ್ರನೈಸ್ಡ್‌ಮ್ಯಾಪ್‌ನಲ್ಲಿ ಇದಕ್ಕೆ ತೊಂದರೆಯಿಲ್ಲ, ಏಕೆಂದರೆ ಹೊದಿಕೆಯ ಪುಟ್ ಒಳಗೊಳಗೇ ಹಿಡಿಯುವ ಲಾಕ್ ಆ ಹೊದಿಕೆಯದೇ, ಅಂದರೆ ಬ್ಲಾಕ್ ಹಿಡಿದಿರುವುದೇ. ಮೊದಲು 3 ಸೀಟಿದ್ದರೆ ಕೊನೆಗೆ ಉಳಿಯುವುದು 39 ಅಥವಾ 40. ಈಗ ಮ್ಯಾಪನ್ನು ಕನ್‌ಕರೆಂಟ್‌ಹ್ಯಾಶ್‌ಮ್ಯಾಪ್‌ಗೆ ಬದಲಿಸೋಣ. ಇದರ ಪುಟ್ ಬ್ಲಾಕ್ ಹಿಡಿದಿರುವ ಲಾಕಿಗಾಗಿ ಕಾಯುವುದಿಲ್ಲ. ಒಂದು ಥ್ರೆಡ್ 3 ಎಂದು ಓದುತ್ತದೆ, ಇನ್ನೊಂದು 40 ಬರೆಯುತ್ತದೆ, ಮೊದಲನೆಯದು 2 ಬರೆಯುತ್ತದೆ. ಹೊಸ ಬೋಗಿ ಲೆಕ್ಕದಿಂದಲೇ ಮಾಯ. ಹೆರ್ಲಿಹಿ ಮತ್ತು ವಿಂಗ್ 1990ರಲ್ಲಿ ನಿರೂಪಿಸಿದ ಲೀನಿಯರೈಸಬಿಲಿಟಿಯ (ಪ್ರತಿ ಕ್ರಿಯೆಯೂ ಒಂದೇ ಕ್ಷಣದಲ್ಲಿ ನಡೆದಂತೆ ಕಾಣಬೇಕೆಂಬ) ಮಾನದಂಡದಿಂದ ನೋಡಿದರೂ ಈ ಮೂರರಲ್ಲಿ ಯಾವ ಕ್ರಿಯೆಯೂ ಬಿಡಿಯಾಗಿ ತಪ್ಪಿಲ್ಲ.

ಕಂಪೈಲರ್ ಇದಕ್ಕೆ ಚಕಾರವೆತ್ತುವುದಿಲ್ಲ. ಎರಡೂ ಮ್ಯಾಪ್ ಇಂಟರ್‌ಫೇಸಿನವೇ, ಮೇಲಾಗಿ ಜಾವಾದಲ್ಲಿ ಯಾವ ಆಬ್ಜೆಕ್ಟನ್ನಾದರೂ ಲಾಕ್ ಆಗಿ ಬಳಸಬಹುದು. ಹೆಚ್ಚು ಆತಂಕದ ಸಂಗತಿಯೆಂದರೆ, ಆ ಬ್ಲಾಕ್ ಪೂರ್ತಿ ನಿಷ್ಫಲವೂ ಆಗಿರುವುದಿಲ್ಲ. ಕಾಯ್ದಿರಿಸುವ ಥ್ರೆಡ್‌ಗಳನ್ನು ಅದು ಈಗಲೂ ಒಂದರಿಂದೊಂದು ಬೇರ್ಪಡಿಸುತ್ತದೆ. ಹೀಗಾಗಿ ಕಾಯ್ದಿರಿಸುವಿಕೆಯೊಂದನ್ನೇ ನೂರಾರು ಥ್ರೆಡ್‌ಗಳಿಂದ ನಡೆಸಿ ನೋಡಿದರೂ ಈ ದೋಷ ಬಯಲಾಗದು. ಕೋಡ್ ಓದುವವರಿಗೂ ಲಾಕ್ ಕಣ್ಣೆದುರೇ ಇದೆ. ಅದನ್ನು ನಂಬಿಕೊಂಡಿದ್ದ ಸಾಲು, ಬೇರೆ ಫೈಲಿನಲ್ಲಿ, ಲಾಕಿನ ಸುಳಿವೇ ಇಲ್ಲದೆ ಕೂತಿದೆ.

ಈ ವಾದಕ್ಕೆ ಮಿತಿಗಳಿವೆ. ಮ್ಯಾಪನ್ನು ಮುಟ್ಟುವ ಪ್ರತಿಯೊಂದು ಸಾಲೂ ಅದೇ ಬ್ಲಾಕಿನೊಳಗಿದ್ದರೆ ಬದಲಾವಣೆಯಿಂದ ಏನೂ ಕೆಡುವುದಿಲ್ಲ. ಆಗ ಬರಿಯ ಹ್ಯಾಶ್‌ಮ್ಯಾಪ್ ಸಾಕಿತ್ತು. ಎಲ್ಲೂ ಬ್ಲಾಕೇ ಇರದಿದ್ದಲ್ಲಿ, ಇದ್ದ ದೋಷ ಮೊದಲೇ ಇತ್ತು. ಕೆಲವೆಡೆ ಕಾಣುವ ಲಾಕ್, ಕೆಲವೆಡೆ ಹೊದಿಕೆಯ ಕಾಣದ ಲಾಕ್, ಹೀಗೆ ಬೆರೆತಿರುವ ಕೋಡಿಗಷ್ಟೇ ನನ್ನ ಮಾತು ಅನ್ವಯ. ಅಲ್ಲಿ ಮಾತ್ರ ‘ಹೆಚ್ಚೇನೂ ಅಪಾಯವಿಲ್ಲ’ ಎನ್ನುವುದಕ್ಕಿಂತ ‘ಅಪಾಯ ಎಷ್ಟೆಂದು ಬದಲಿಸಿದ ಸಾಲಿನಿಂದ ತಿಳಿಯದು’ ಎನ್ನುವುದೇ ಸರಿಯೆಂದು ನನಗನಿಸುತ್ತದೆ.

ಜಾವಾ 8 ಪರಿಹಾರ ಕೊಟ್ಟಿತಲ್ಲ ಎನ್ನಬಹುದು. ಒಂದೇ ಕೀ ವಿಷಯದಲ್ಲಿ ಹೌದು: ಕಂಪ್ಯೂಟ್‌ಇಫ್‌ಪ್ರೆಸೆಂಟ್ ಓದಿ ಬರೆಯುವುದನ್ನು ಒಂದೇ ಅಖಂಡ ಕ್ರಿಯೆಯಾಗಿಸುತ್ತದೆ, ನಡುವೆ ಬಂದ ಪುಟ್ ಕಾಯುತ್ತದೆ. ಒಂದು ರೈಲಿನಿಂದ ಇನ್ನೊಂದಕ್ಕೆ ಸೀಟು ವರ್ಗಾಯಿಸಬೇಕಾದಾಗ ಅದು ಸಾಲದು. ಆ ಮೆಥಡ್‌ಗೆ ಕೊಡುವ ಫಂಕ್ಷನ್ನಿನೊಳಗಿಂದ ಅದೇ ಮ್ಯಾಪಿನ ಬೇರೆ ನಮೂದನ್ನು ಬದಲಿಸಕೂಡದೆಂದು ದಸ್ತಾವೇಜು ಸ್ಪಷ್ಟವಾಗಿ ಹೇಳುತ್ತದೆ. ಅಂಥಲ್ಲಿ ಮ್ಯಾಪಿನ ಹೊರಗೆ ಒಂದು ಪ್ರತ್ಯೇಕ ಲಾಕ್ ಇಟ್ಟು, ಮ್ಯಾಪನ್ನು ಖಾಸಗಿಯಾಗಿಸಿ, ಎಲ್ಲ ಬಳಕೆಯನ್ನೂ ಒಂದು ಕ್ಲಾಸಿನ ಮೂಲಕವೇ ಹಾಯಿಸುವುದು ಉಚಿತ.

ಓಹಾದ್ ಶಚಾಮ್ ಮತ್ತು ಸಂಗಡಿಗರು 2011ರಲ್ಲಿ, ಕನ್‌ಕರೆಂಟ್ ಸಂಗ್ರಹಗಳ ಮೇಲೆ ಕಟ್ಟಿದ ಹಲವು ಸಂಯುಕ್ತ ಕ್ರಿಯೆಗಳು ಅಖಂಡವಲ್ಲವೆಂದು ಯಾಂತ್ರಿಕ ಪರೀಕ್ಷೆಯಿಂದಲೇ ತೋರಿಸಿದರು. ಕಾಣದ ಲಾಕನ್ನು ನೆಚ್ಚಿದ ಸಾಲುಗಳನ್ನೂ ಬದಲಾವಣೆಗೆ ಮುನ್ನ ಹಾಗೆ ಹುಡುಕಲಾದೀತೇ? ಒಂದೇ ಮ್ಯಾಪ್ ಬೇರೆ ಬೇರೆ ಕ್ಲಾಸುಗಳಲ್ಲಿ ಬೇರೆ ಬೇರೆ ಹೆಸರಿನಿಂದ ಓಡಾಡುತ್ತದೆ. ಆ ಹೆಸರುಗಳೆಲ್ಲ ಒಂದೇ ಆಬ್ಜೆಕ್ಟಿನವೆಂದು ದೊಡ್ಡ ಪ್ರೋಗ್ರಾಮುಗಳಲ್ಲಿ ಎಷ್ಟು ನಿಖರವಾಗಿ ಗುರುತಿಸಬಹುದು ಎಂಬುದನ್ನು ಈ ಲೇಖನ ಪರಿಶೀಲಿಸಿಲ್ಲ.